ಹೊಸ ಕಾರಿಗೆ ಇಂಧನ ಅಡಿಟಿವ್: ಅಗತ್ಯವೋ, ಅನಗತ್ಯ ವೆಚ್ಚವೋ?

ಪೀಠಿಕೆ

ವ್ಯಾಪಾರಸ್ಥರು ಹೊಸ ಕಾರು ಕೊಳ್ಳುವಾಗ ತೋರುವ ಎಚ್ಚರಿಕೆಯನ್ನು ಅದರ ನಿರ್ವಹಣೆಯ ಬಿಲ್ಲು ಪಾವತಿಸುವಾಗ ತೋರುವುದು ವಿರಳ. ಐದು ಸಾವಿರ ರೂಪಾಯಿಗಳ ರಿಯಾಯಿತಿಗಾಗಿ ಮೂರು ಷೋರೂಮುಗಳನ್ನು ಸುತ್ತಿದವರೇ ಸರ್ವೀಸ್ ಬಿಲ್ಲಿನ ಕೊನೆಯ ಸಾಲುಗಳಲ್ಲಿ ಕಾಣುವ 'ಇಂಜೆಕ್ಟರ್ ಕ್ಲೀನರ್', 'ಫ್ಯುಯಲ್ ಸಿಸ್ಟಂ ಕ್ಲೀನರ್' ಎಂಬ ಬಾಬ್ತುಗಳಿಗೆ ನಾಲ್ಕೈದು ನೂರು ರೂಪಾಯಿಗಳನ್ನು ಪ್ರಶ್ನಿಸದೆ ಕೊಟ್ಟುಬಿಡುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಇಂಧನ ತುಂಬಿಸುವಾಗ ಸಣ್ಣ ಬಾಟಲಿಯೊಂದನ್ನು ತೋರಿಸಿ 'ಮೈಲೇಜ್ ಹೆಚ್ಚುತ್ತದೆ, ಹಾಕಲೇ?' ಎಂದು ಕೇಳುವುದೂ ಸಾಮಾನ್ಯವಾಗಿದೆ. 2025ರಲ್ಲಿ ಶೇಕಡಾ 20ರ ಎಥನಾಲ್ ಮಿಶ್ರಣದ ಬಗ್ಗೆ ದೇಶಾದ್ಯಂತ ಚರ್ಚೆ ನಡೆದಾಗ, ಎಥನಾಲ್‌ನಿಂದ ಇಂಜಿನ್ನಿಗೆ ರಕ್ಷಣೆ ನೀಡುವುದೆಂದು ಹೇಳಿಕೊಳ್ಳುವ ದ್ರಾವಣಗಳಿಗೂ ಹೊಸ ಗಿರಾಕಿಗಳು ದೊರೆತರು.

ಇಂತಹ ದ್ರಾವಣಗಳು ಹೊಸ ಕಾರಿಗೆ ನಿಜವಾಗಿಯೂ ಅಗತ್ಯವೇ? ಈ ಪ್ರಶ್ನೆಗೆ ತಾಂತ್ರಿಕ ಮುಖವೊಂದಿದೆ, ಲೆಕ್ಕದ ಮುಖವೊಂದಿದೆ, ಕಾನೂನಿನ ಮುಖವೂ ಒಂದಿದೆ. ಒಂದೇ ಕಾರನ್ನು ಮನೆಗೂ ಅಂಗಡಿಗೂ ಬಳಸುವ ವ್ಯಾಪಾರಿ, ನಾಲ್ಕೈದು ಸರಕು ವಾಹನಗಳನ್ನು ಇಟ್ಟುಕೊಂಡಿರುವ ಸಣ್ಣ ಕೈಗಾರಿಕೋದ್ಯಮಿ ಹಾಗೂ ಇದೇ ದ್ರಾವಣಗಳನ್ನು ಮಾರಾಟ ಮಾಡುವ ಆಟೊಮೊಬೈಲ್ ಅಂಗಡಿಯವರು, ಈ ಮೂವರಿಗೂ ಸಂಬಂಧಿಸಿದ ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಅಡಿಟಿವ್ ಎಂದರೇನು?

ಪೆಟ್ರೋಲ್ ಅಥವಾ ಡೀಸೆಲ್‌ನ ಯಾವುದಾದರೊಂದು ಗುಣವನ್ನು ಬದಲಿಸುವ ಅಥವಾ ಹೊಸ ಗುಣವನ್ನು ನೀಡುವ ಉದ್ದೇಶದಿಂದ ಅಲ್ಪ ಪ್ರಮಾಣದಲ್ಲಿ ಬೆರೆಸುವ ರಾಸಾಯನಿಕವೇ ಇಂಧನ ಅಡಿಟಿವ್. ಮಾರುಕಟ್ಟೆಯಲ್ಲಿ ದೊರೆಯುವ ಬಾಟಲಿಗಳನ್ನು ಅವುಗಳ ಕೆಲಸಕ್ಕೆ ಅನುಗುಣವಾಗಿ ಹೀಗೆ ವಿಂಗಡಿಸಬಹುದು:

1. ಶುದ್ಧಿಕಾರಕಗಳು: ಇಂಜೆಕ್ಟರ್ ಹಾಗೂ ವಾಲ್ವ್‌ಗಳ ಮೇಲೆ ಕಟ್ಟುವ ಜಿಡ್ಡು ಮತ್ತು ಮಸಿಯನ್ನು ಕರಗಿಸುವಂಥವು. ಪಾಲಿಈಥರ್ ಅಮೈನ್ ಎಂಬ ರಾಸಾಯನಿಕ ಈ ವರ್ಗದಲ್ಲಿ ಹೆಚ್ಚು ಪರಿಣಾಮಕಾರಿ ಎಂದು ಹೆಸರಾಗಿದೆ.
2. ಆಕ್ಟೇನ್ ವರ್ಧಕಗಳು: ಪೆಟ್ರೋಲ್ ಇಂಜಿನ್ನಿನಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಂಡು 'ನಾಕಿಂಗ್' ಶಬ್ದ ಬರುವುದನ್ನು ತಡೆಯುವಂಥವು.
3. ಸೀಟೇನ್ ವರ್ಧಕಗಳು: ಡೀಸೆಲ್ ಬೇಗ ಹೊತ್ತಿಕೊಳ್ಳಲು ನೆರವಾಗುವಂಥವು.
4. ಸ್ಥಿರಕಾರಕಗಳು: ದೀರ್ಘಕಾಲ ನಿಂತ ವಾಹನದ ಟ್ಯಾಂಕಿನಲ್ಲಿ ಇಂಧನ ಕೆಡದಂತೆ ನೋಡಿಕೊಳ್ಳುವಂಥವು.
5. ಮೈಲೇಜ್ ವರ್ಧಕಗಳೆಂದು ಕರೆದುಕೊಳ್ಳುವಂಥವು: ಇವು ಯಾವ ತತ್ವದ ಮೇಲೆ ಕೆಲಸ ಮಾಡುತ್ತವೆ ಎಂಬುದನ್ನು ಲೇಬಲ್ ಸಾಮಾನ್ಯವಾಗಿ ಹೇಳುವುದಿಲ್ಲ.

ಮೊದಲ ನಾಲ್ಕು ವರ್ಗಗಳಿಗೆ ವಿಜ್ಞಾನದ ಆಧಾರವಿದೆ. ಆದರೆ ಆಧಾರವಿರುವ ಔಷಧವೆಲ್ಲ ಆರೋಗ್ಯವಂತನಿಗೂ ಬೇಕೆಂದೇನೂ ಇಲ್ಲ. ವಿವಾದವಿರುವುದು ಇಲ್ಲಿಯೇ.

ಇತಿಹಾಸ ಕಲಿಸುವ ಪಾಠ

ಇಂಧನ ಅಡಿಟಿವ್‌ಗಳ ಇತಿಹಾಸದಲ್ಲಿ ಅತ್ಯಂತ ಯಶಸ್ವಿಯಾದ ಹಾಗೂ ಅತ್ಯಂತ ಹಾನಿಕರವಾದ ವಸ್ತು ಒಂದೇ ಆಗಿದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಥಾಮಸ್ ಮಿಡ್ಗ್ಲಿ 1921ರ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವು ನಾಕಿಂಗ್ ತಡೆಯುತ್ತದೆಂದು ಕಂಡುಕೊಂಡರು. 1923ರಲ್ಲಿ ಅದರ ಮಾರಾಟ ಆರಂಭವಾಯಿತು. ಅದು ಹೇಳಿದ ಕೆಲಸವನ್ನು ಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಗೆಯ ಮೂಲಕ ಸೀಸವು ಗಾಳಿಗೂ ಮಕ್ಕಳ ರಕ್ತಕ್ಕೂ ಸೇರಿತು. ಹೊಗೆಯನ್ನು ಶುದ್ಧೀಕರಿಸುವ ಕೆಟಲಿಟಿಕ್ ಕನ್ವರ್ಟರ್‌ನ್ನೂ ನಿಷ್ಕ್ರಿಯಗೊಳಿಸಿತು. ಭಾರತದಲ್ಲಿ 1995ರಲ್ಲಿ ಮಹಾನಗರಗಳಿಂದ ಆರಂಭವಾದ ಸೀಸರಹಿತ ಪೆಟ್ರೋಲ್ 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಜಾರಿಗೆ ಬಂದಿತು. ವಾಹನಗಳಿಗೆ ಸೀಸಯುಕ್ತ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ.

ಇದರಿಂದ ದೊರೆಯುವ ಪಾಠ ಎರಡು. ಅಡಿಟಿವ್ ಎಂಬುದು ಮೂಲತಃ ಮೋಸದ ವಸ್ತುವಲ್ಲ ಎಂಬುದು ಮೊದಲನೆಯದು. ಒಂದು ದೋಷವನ್ನು ನಿವಾರಿಸುವ ರಾಸಾಯನಿಕ ಮತ್ತೊಂದು ಭಾಗಕ್ಕೆ ಹಾನಿ ಮಾಡಬಲ್ಲದು ಎಂಬುದು ಎರಡನೆಯದು. ಇಂದಿಗೂ ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತಗಳಿರುವ ಆಕ್ಟೇನ್ ವರ್ಧಕಗಳು ಸ್ಪಾರ್ಕ್ ಪ್ಲಗ್ ಮೇಲೆ ಲೋಹದ ಪದರ ಕಟ್ಟಬಲ್ಲವು. ಆದ್ದರಿಂದ ಬಾಟಲಿಯ ಮೇಲಿನ ಭರವಸೆಗಿಂತ ಬಾಟಲಿಯೊಳಗಿನ ವಸ್ತು ಯಾವುದೆಂದು ತಿಳಿಯುವುದು ಮುಖ್ಯ.

ಬಂಕಿನ ಇಂಧನದ ಗುಣಮಟ್ಟ

'ನಮ್ಮ ದೇಶದ ಪೆಟ್ರೋಲ್ ಕಳಪೆ, ಅದಕ್ಕೇ ಅಡಿಟಿವ್ ಬೇಕು' ಎಂಬುದು ಮಾರಾಟಗಾರರ ಪ್ರಮುಖ ವಾದ. ಎರಡು ದಶಕಗಳ ಹಿಂದೆ ಈ ವಾದದಲ್ಲಿ ಹುರುಳಿತ್ತು. ಇಂದಿನ ಸ್ಥಿತಿ ಬೇರೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಭಾರತ್ ಸ್ಟೇಜ್ 6 ಮಾನದಂಡದ ಇಂಧನವೇ ಮಾರಾಟವಾಗುತ್ತಿದೆ. ಭಾರತ್ ಸ್ಟೇಜ್ 4ರಲ್ಲಿ ಹತ್ತು ಲಕ್ಷ ಭಾಗಗಳಿಗೆ 50 ಭಾಗಗಳವರೆಗೆ ಇರಬಹುದಾಗಿದ್ದ ಗಂಧಕ ಈಗ 10 ಭಾಗಗಳಿಗೆ ಇಳಿದಿದೆ. ಅಂಟು ಕಟ್ಟುವ ಪದಾರ್ಥ ಎಷ್ಟಿರಬಹುದು, ಸಂಗ್ರಹದಲ್ಲಿ ಇಂಧನ ಎಷ್ಟು ಕಾಲ ಸ್ಥಿರವಾಗಿರಬೇಕು ಎಂಬುದಕ್ಕೂ ಭಾರತೀಯ ಮಾನಕ ಬ್ಯೂರೋ ಮಿತಿಗಳನ್ನು ವಿಧಿಸಿದೆ.

ಕಲಬೆರಕೆಯ ಅನುಮಾನವಿದ್ದಲ್ಲಿ ಅಡಿಟಿವ್ ಅದಕ್ಕೆ ಪರಿಹಾರವಲ್ಲ. ಸೀಮೆಎಣ್ಣೆ ಬೆರೆತ ಇಂಧನವನ್ನು ಯಾವ ಬಾಟಲಿಯೂ ಶುದ್ಧಗೊಳಿಸಲಾರದು. ಗ್ರಾಹಕರಿಗೆ ಬಂಕಿನಲ್ಲಿಯೇ ಪರೀಕ್ಷೆಯ ಸೌಲಭ್ಯವಿದೆ. ಫಿಲ್ಟರ್ ಪೇಪರ್ ಮೇಲೆ ಪೆಟ್ರೋಲ್ ಹನಿ ಹಾಕಿ ಕಲೆ ಉಳಿಯುವುದೇ ಎಂದು ನೋಡಬಹುದು. ಸಾಂದ್ರತೆಯನ್ನು ದಾಖಲೆಯೊಂದಿಗೆ ಹೋಲಿಸಿ ತೋರಿಸಲು ಕೇಳಬಹುದು. ಪ್ರಮಾಣದ ಬಗ್ಗೆ ಸಂದೇಹವಿದ್ದರೆ ಮುದ್ರೆಯೊತ್ತಿದ 5 ಲೀಟರ್ ಅಳತೆ ಪಾತ್ರೆಯಲ್ಲಿ ಅಳೆಸಬಹುದು. ಇಂಧನದ ಕಲಬೆರಕೆ ಹಾಗೂ ಮಾರಾಟದಲ್ಲಿನ ಅಕ್ರಮಗಳನ್ನು ತಡೆಯಲು ಅಗತ್ಯ ವಸ್ತುಗಳ ಕಾಯ್ದೆಯಡಿ 2005ರ ಆದೇಶವೂ ಜಾರಿಯಲ್ಲಿದೆ. ಪುಕ್ಕಟೆಯಾಗಿ ದೊರೆಯುವ ಈ ಪರೀಕ್ಷೆಗಳನ್ನು ಬಿಟ್ಟು ನಾಲ್ಕುನೂರು ರೂಪಾಯಿಯ ಬಾಟಲಿಗೆ ಮೊರೆಹೋಗುವುದು ಜಾಣತನವೆನಿಸದು.

ಎಥನಾಲ್ ಕುರಿತ ಆತಂಕ

ಕರ್ನಾಟಕದ ಓದುಗರಿಗೆ ಎಥನಾಲ್ ಅಪರಿಚಿತ ವಿಷಯವೇನಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಆದಾಯದಲ್ಲಿ ಅದಕ್ಕೆ ಪಾಲಿದೆ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ. ದೇಶವು ಶೇಕಡಾ 20ರ ಮಿಶ್ರಣದ ಗುರಿಯನ್ನು 2025ರಲ್ಲಿ ತಲುಪಿತು.

ಮೈಲೇಜ್ ಕಡಿಮೆಯಾಗುತ್ತದೆ ಎಂಬ ದೂರಿನಲ್ಲಿ ಸತ್ಯಾಂಶವಿದೆ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಒಂದು ಲೀಟರ್ ಎಥನಾಲ್‌ನಲ್ಲಿ ಇರುವುದು ಸುಮಾರು 21 ಮೆಗಾಜೂಲ್. ಹೀಗಾಗಿ ಇ20ಯ ಒಂದು ಲೀಟರಿನಲ್ಲಿ ಸುಮಾರು 29.8 ಮೆಗಾಜೂಲ್ ಇರುತ್ತದೆ. ಶುದ್ಧ ಪೆಟ್ರೋಲ್‌ಗಿಂತ ಇದು ಶೇಕಡಾ 7ರಷ್ಟು ಕಡಿಮೆ. ಇ10ಕ್ಕಿಂತ ಶೇಕಡಾ 3.5ರಷ್ಟು ಕಡಿಮೆ. ಇಂಜಿನ್ನನ್ನು ಇ20ಗೆ ಹೊಂದಿಸಿದ್ದರೆ ಈ ಕೊರತೆಯ ಸ್ವಲ್ಪ ಭಾಗ ತುಂಬಿಬರುತ್ತದೆ. ಇ10ಕ್ಕೆ ವಿನ್ಯಾಸಗೊಳಿಸಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇಕಡಾ 1ರಿಂದ 2, ಉಳಿದವುಗಳಲ್ಲಿ ಶೇಕಡಾ 3ರಿಂದ 6ರಷ್ಟು ಮೈಲೇಜ್ ಕಡಿಮೆಯಾಗಬಹುದೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತಿಳಿಸಿತ್ತು.

ಈ ಕೊರತೆಯನ್ನು ಅಡಿಟಿವ್ ತುಂಬಬಲ್ಲುದೇ? 40 ಲೀಟರ್ ಟ್ಯಾಂಕಿಗೆ ಸುರಿಯುವ ಬಾಟಲಿಯಲ್ಲಿ 300 ಮಿಲಿಲೀಟರ್ ದ್ರವವಿದೆಯೆಂದು ಭಾವಿಸಿದರೆ ಅದು ಒಟ್ಟು ಇಂಧನದ ಶೇಕಡಾ 0.75 ಮಾತ್ರ. ಅಷ್ಟೂ ದ್ರವ ಶುದ್ಧ ಪೆಟ್ರೋಲೇ ಆಗಿದ್ದರೂ ಶೇಕಡಾ 7ರ ಶಕ್ತಿಯ ಕೊರತೆಯನ್ನು ಅದರಿಂದ ನೀಗಿಸಲು ಸಾಧ್ಯವಿಲ್ಲ. ಖಾತೆಯಲ್ಲಿ ಏಳು ಸಾವಿರ ರೂಪಾಯಿ ಕೊರತೆಯಿರುವಾಗ ಏಳುನೂರು ಜಮಾ ಮಾಡಿ ಸಮವಾಯಿತೆಂದು ಹೇಳಿದಂತೆ ಅದು.

ರಬ್ಬರ್ ಭಾಗಗಳ ಮಾತು ಬೇರೆ. 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ವಾಹನಗಳಲ್ಲಿ ಇ20ಯನ್ನು ತಾಳಿಕೊಳ್ಳುವ ವಸ್ತುಗಳನ್ನೇ ಬಳಸಲಾಗುತ್ತಿದೆ. ಆದ್ದರಿಂದ ಹೊಸ ಕಾರಿಗೆ 'ಎಥನಾಲ್ ರಕ್ಷಕ' ಅನಗತ್ಯ. ಹಳೆಯ ವಾಹನಗಳಲ್ಲಿ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಪರೀಕ್ಷಿಸಿ ಅಗತ್ಯವಿದ್ದಲ್ಲಿ ಬದಲಿಸುವುದೇ ಸರಿಯಾದ ಕ್ರಮ. ಟ್ಯಾಂಕಿಗೆ ನೀರು ಸೇರಿ ಎಥನಾಲ್ ನೀರಿನೊಂದಿಗೆ ತಳಕ್ಕಿಳಿದಿದ್ದರೆ ಟ್ಯಾಂಕ್ ಬರಿದು ಮಾಡಿಸಬೇಕೇ ಹೊರತು ಬಾಟಲಿಯಿಂದ ಅದನ್ನು ಸರಿಪಡಿಸಲಾಗದು.

ಹೊಸ ಇಂಜಿನ್ನಿಗೆ ಶುದ್ಧಿಕಾರಕ ಏನು ಮಾಡುತ್ತದೆ?

ಹೊಸ ಇಂಜಿನ್ನಿನಲ್ಲಿ ಮಸಿ ಕಟ್ಟಿರುವುದಿಲ್ಲ. ಮಸಿಯಿಲ್ಲದ ಕಡೆ ಮಸಿ ತೆಗೆಯುವ ದ್ರಾವಣಕ್ಕೆ ಕೆಲಸವಿರುವುದಿಲ್ಲ. ಐದು ಅಥವಾ ಹತ್ತು ಸಾವಿರ ಕಿಲೋಮೀಟರ್ ಓಡಿದ ಕಾರಿನ ಇಂಜೆಕ್ಟರ್ ಕಟ್ಟಿಕೊಂಡಿದ್ದರೆ ಅದು ದೋಷವೆಂದು ಪರಿಗಣಿಸಿ ವಾರಂಟಿಯಡಿ ತಪಾಸಣೆಗೆ ಕೇಳತಕ್ಕ ವಿಷಯ; ಸ್ವಂತ ಖರ್ಚಿನಲ್ಲಿ ಬಾಟಲಿ ಸುರಿಯತಕ್ಕ ವಿಷಯವಲ್ಲ.

ಇನ್ನೊಂದು ತಾಂತ್ರಿಕ ಅಂಶವನ್ನೂ ಗಮನಿಸಬೇಕು. ಸಾಧಾರಣ ಪೆಟ್ರೋಲ್ ಕಾರುಗಳಲ್ಲಿ ಇಂಧನವು ಇನ್‌ಟೇಕ್ ವಾಲ್ವ್‌ನ ಹಿಂಭಾಗಕ್ಕೆ ಸಿಂಪಡಣೆಯಾಗುತ್ತದೆ; ಹೀಗಾಗಿ ಇಂಧನದಲ್ಲಿನ ಶುದ್ಧಿಕಾರಕ ವಾಲ್ವನ್ನು ತೊಳೆಯಬಲ್ಲದು. ಇತ್ತೀಚಿನ ಹಲವು ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಇಂಧನ ನೇರವಾಗಿ ಸಿಲಿಂಡರಿನೊಳಗೇ ಸಿಂಪಡಣೆಯಾಗುತ್ತದೆ. ಇಲ್ಲಿ ಇಂಧನ ಇನ್‌ಟೇಕ್ ವಾಲ್ವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಟ್ಯಾಂಕಿಗೆ ಸುರಿದ ದ್ರಾವಣ ಅಂತಹ ಕಾರಿನ ಇನ್‌ಟೇಕ್ ವಾಲ್ವನ್ನು ಶುದ್ಧಗೊಳಿಸುತ್ತದೆಂಬ ಮಾತು ನಿರಾಧಾರ. ಇಂಜೆಕ್ಟರಿನ ತುದಿಯನ್ನು ಮಾತ್ರ ಅದು ತಲುಪಬಲ್ಲದು.

ಆಕ್ಟೇನ್ ವರ್ಧಕದ ವಿಷಯವೂ ಇದೇ. ಆಕ್ಟೇನ್ ಎಂಬುದು ಇಂಧನದ ಶಕ್ತಿಯ ಅಳತೆಯಲ್ಲ, ನಾಕಿಂಗ್ ತಾಳಿಕೊಳ್ಳುವ ಸಾಮರ್ಥ್ಯದ ಅಳತೆ. 91 ಆಕ್ಟೇನ್ ಸಾಕೆಂದು ತಯಾರಕರು ಹೇಳಿರುವ ಇಂಜಿನ್ನಿಗೆ 97 ಅಥವಾ 100 ಆಕ್ಟೇನ್ ಹಾಕಿದರೆ ಗಣನೀಯ ಲಾಭವಿಲ್ಲ. ಎಥನಾಲ್ ತಾನೇ ಉತ್ತಮ ಆಕ್ಟೇನ್ ವರ್ಧಕವಾಗಿರುವುದರಿಂದ ಇ20 ಪೆಟ್ರೋಲ್‌ಗೆ ಆಕ್ಟೇನ್ ಕೊರತೆಯೂ ಇಲ್ಲ.

ಲೆಕ್ಕ ಏನು ಹೇಳುತ್ತದೆ?

ತಂತ್ರಜ್ಞಾನದ ಚರ್ಚೆಯನ್ನು ಬದಿಗಿಟ್ಟು ಲೆಕ್ಕವನ್ನಷ್ಟೇ ನೋಡಿದರೂ ತೀರ್ಮಾನ ಸ್ಪಷ್ಟವಾಗುತ್ತದೆ. ಶ್ರೀ 'ಅ' ಎಂಬ ವ್ಯಾಪಾರಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಲಾಗಿದೆ.

ವಾರ್ಷಿಕ ಓಡಾಟ: 12,000 ಕಿ.ಮೀ.
ಮೈಲೇಜ್: ಲೀಟರಿಗೆ 15 ಕಿ.ಮೀ.
ವಾರ್ಷಿಕ ಪೆಟ್ರೋಲ್: 800 ಲೀಟರ್
ಬೆಲೆ ಲೀಟರಿಗೆ ರೂ. 100ರಂತೆ ವಾರ್ಷಿಕ ವೆಚ್ಚ: ರೂ. 80,000
ಅಡಿಟಿವ್ ಬಾಟಲಿಯ ಬೆಲೆ: ರೂ. 450

ಸಂದರ್ಭ 1 – ಪ್ರತಿ ಟ್ಯಾಂಕಿಗೂ ಒಂದು ಬಾಟಲಿ: 40 ಲೀಟರ್ ಟ್ಯಾಂಕಿನ ಪೆಟ್ರೋಲ್ ಬೆಲೆ ರೂ. 4,000. ಬಾಟಲಿಯ ರೂ. 450 ಮರಳಿ ಬರಬೇಕಾದರೆ ಮೈಲೇಜ್ ಶೇಕಡಾ 11.25ರಷ್ಟು, ಅಂದರೆ 15ರಿಂದ ಸುಮಾರು 16.7 ಕಿ.ಮೀ.ಗೆ ಏರಬೇಕು. ಇದು ಲಾಭವಲ್ಲ, ಅಸಲು ಬರುವ ಮಟ್ಟ ಮಾತ್ರ. ವರ್ಷಕ್ಕೆ 20 ಟ್ಯಾಂಕುಗಳಿಗೆ ಒಟ್ಟು ವೆಚ್ಚ ರೂ. 9,000.

ಸಂದರ್ಭ 2 – 5,000 ಕಿ.ಮೀ.ಗೆ ಒಂದು ಬಾಟಲಿ: ಈ ಅವಧಿಯಲ್ಲಿ ಸುಮಾರು 333 ಲೀಟರ್, ಅಂದರೆ ರೂ. 33,300 ಮೌಲ್ಯದ ಪೆಟ್ರೋಲ್ ಖರ್ಚಾಗುತ್ತದೆ. ಅಸಲು ಬರಲು ಮೈಲೇಜ್ ಶೇಕಡಾ 1.35ರಷ್ಟು ಹೆಚ್ಚಿದರೆ ಸಾಕು.

ಎರಡನೆಯ ಸಂದರ್ಭ ಮೇಲ್ನೋಟಕ್ಕೆ ಆಕರ್ಷಕವಾಗಿದೆ. ಆದರೆ ಶೇಕಡಾ 1.35ರ ವ್ಯತ್ಯಾಸವನ್ನು ಸಾಮಾನ್ಯ ಗ್ರಾಹಕರು ಅಳೆಯಲಾರರು. ಟ್ಯಾಂಕ್ ತುಂಬಿಸುವಾಗ ಒಂದು ಲೀಟರ್ ಹೆಚ್ಚು ಅಥವಾ ಕಡಿಮೆ ಹಿಡಿದರೂ 40 ಲೀಟರಿಗೆ ಶೇಕಡಾ 2.5ರ ವ್ಯತ್ಯಾಸವಾಗುತ್ತದೆ. ಎ.ಸಿ. ಬಳಕೆ, ರಸ್ತೆಯ ದಟ್ಟಣೆ, ಮಳೆಗಾಲ, ಚಾಲಕನ ಕಾಲಿನ ಭಾರ ಇವೆಲ್ಲ ಇದಕ್ಕಿಂತ ಹೆಚ್ಚು ವ್ಯತ್ಯಾಸ ಉಂಟುಮಾಡುತ್ತವೆ. ಬಾಟಲಿ ಸುರಿದ ನಂತರ ಚಾಲಕ ತನಗರಿವಿಲ್ಲದೆ ಮೆಲ್ಲಗೆ ಓಡಿಸುವುದರಿಂದ ಬಂದ ಲಾಭವೂ ಬಾಟಲಿಯ ಖಾತೆಗೇ ಜಮಾ ಆಗಿಬಿಡುತ್ತದೆ.

ಹೋಲಿಕೆಗಾಗಿ ಟೈರಿನ ಗಾಳಿಯನ್ನು ನೋಡಬಹುದು. ನಾಲ್ಕೂ ಟೈರುಗಳ ಸರಾಸರಿ ಒತ್ತಡ ಒಂದು ಪಿ.ಎಸ್.ಐ. ಇಳಿದರೆ ಮೈಲೇಜ್ ಸುಮಾರು ಶೇಕಡಾ 0.2ರಷ್ಟು ಇಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆ ಲೆಕ್ಕ ಹಾಕಿದೆ. 5 ಪಿ.ಎಸ್.ಐ. ಕಡಿಮೆಯಿದ್ದರೆ ಶೇಕಡಾ 1. ಶ್ರೀ 'ಅ' ಅವರಿಗೆ ವರ್ಷಕ್ಕೆ ರೂ. 800 ನಷ್ಟ. ಈ ನಷ್ಟ ತಪ್ಪಿಸಲು ಬೇಕಾದ ಗಾಳಿ ಬಂಕಿನಲ್ಲಿ ಪುಕ್ಕಟೆ. ಅವಸರದ ವೇಗೋತ್ಕರ್ಷ ಹಾಗೂ ಹಠಾತ್ ಬ್ರೇಕಿನಿಂದ ಹೆದ್ದಾರಿಯಲ್ಲಿ ಶೇಕಡಾ 15ರಿಂದ 30ರಷ್ಟು ಮೈಲೇಜ್ ನಷ್ಟವಾಗಬಹುದೆಂದೂ ಅದೇ ಇಲಾಖೆ ಹೇಳುತ್ತದೆ. ಹನಿ ಹನಿ ಗೂಡಿ ಹಳ್ಳವಾಗುವುದು ಇಂತಹ ಕಡೆ.

ಬಂಕಿನಲ್ಲಿ ದೊರೆಯುವ ಪ್ರೀಮಿಯಂ ಪೆಟ್ರೋಲ್‌ಗೂ ಇದೇ ಸೂತ್ರ ಅನ್ವಯಿಸುತ್ತದೆ. ರೂ. 100ರ ಪೆಟ್ರೋಲ್‌ಗೆ ರೂ. 8 ಹೆಚ್ಚು ಕೊಟ್ಟರೆ ಅಸಲು ಬರಲು ಮೈಲೇಜ್ ಶೇಕಡಾ 8ರಷ್ಟು ಏರಬೇಕು. ಏರದಿದ್ದರೆ ವರ್ಷಕ್ಕೆ ರೂ. 6,400 ಅಧಿಕ ವೆಚ್ಚ.

ಡೀಸೆಲ್ ಸರಕು ವಾಹನಗಳು

ಸಣ್ಣ ಕೈಗಾರಿಕೋದ್ಯಮಿಗಳಿಗೆ ಈ ಭಾಗ ಹೆಚ್ಚು ಮಹತ್ವದ್ದು. ಗಂಧಕ ತೆಗೆದ ಡೀಸೆಲ್‌ಗೆ ಜಾರುಗುಣ ಕಡಿಮೆಯಾಗಿ ಪಂಪ್ ಸವೆಯುತ್ತದೆ, ಆದ್ದರಿಂದ ಅಡಿಟಿವ್ ಅನಿವಾರ್ಯ ಎಂಬ ವಾದವನ್ನು ಮಾರಾಟಗಾರರು ಮುಂದಿಡುತ್ತಾರೆ. ಮೊದಲರ್ಧ ಸತ್ಯ. ಆದರೆ ಡೀಸೆಲ್ ಮಾರುಕಟ್ಟೆಗೆ ಬರುವ ಮುನ್ನವೇ ಜಾರುಗುಣದ ಪರೀಕ್ಷೆಯಲ್ಲಿ ಉತ್ತೀರ್ಣವಾಗಿರಬೇಕೆಂಬುದು ಮಾನದಂಡದ ಭಾಗವೇ ಆಗಿದೆ. ಕೊರತೆಯಿದ್ದರೆ ಸಂಸ್ಕರಣಾಗಾರದ ಹಂತದಲ್ಲಿಯೇ ಸೂಕ್ತ ರಾಸಾಯನಿಕ ಬೆರೆಸಲಾಗುತ್ತದೆ. ಸೀಟೇನ್ ಸಂಖ್ಯೆಯೂ ಕನಿಷ್ಠ 51 ಇರಬೇಕು.

ಐದು ವಾಹನಗಳಿರುವ ಘಟಕವೊಂದು ವರ್ಷಕ್ಕೆ 12,500 ಲೀಟರ್ ಡೀಸೆಲ್ ಬಳಸುತ್ತದೆ, ಬೆಲೆ ಲೀಟರಿಗೆ ರೂ. 90 ಎಂದು ಭಾವಿಸಿದರೆ ವಾರ್ಷಿಕ ವೆಚ್ಚ ರೂ. 11,25,000. ಲೀಟರಿಗೆ ರೂ. 1.50 ತಗಲುವ ಅಡಿಟಿವ್ ಬಳಸಿದರೆ ವೆಚ್ಚ ರೂ. 18,750. ಅಸಲು ಬರಲು ಮೈಲೇಜ್ ಸುಮಾರು ಶೇಕಡಾ 1.67ರಷ್ಟು ಏರಬೇಕು. ಇಂತಹ ಘಟಕಗಳು ಮಾರಾಟಗಾರರ ಮಾತನ್ನು ಒಪ್ಪುವ ಅಥವಾ ತಿರಸ್ಕರಿಸುವ ಮೊದಲು ಸ್ವತಃ ಪರೀಕ್ಷಿಸಬಹುದು. ಎರಡು ವಾಹನಗಳಿಗೆ ಎರಡು ತಿಂಗಳು ಅಡಿಟಿವ್ ಹಾಕಿ, ಅದೇ ಮಾರ್ಗದ ಇನ್ನೆರಡಕ್ಕೆ ಹಾಕದೆ, ನಂತರದ ಎರಡು ತಿಂಗಳು ಅದಲುಬದಲು ಮಾಡಬೇಕು. ಯಾವ ವಾಹನಕ್ಕೆ ಹಾಕಲಾಗಿದೆ ಎಂಬುದು ಚಾಲಕರಿಗೆ ತಿಳಿಯಬಾರದು. ಲಾಗ್ ಪುಸ್ತಕದ ಅಂಕಿಗಳೇ ತೀರ್ಪು ನೀಡುತ್ತವೆ.

ಇಲ್ಲೊಂದು ಮುಖ್ಯ ಎಚ್ಚರಿಕೆ ಅಗತ್ಯ. ಹಲವು ಭಾರತ್ ಸ್ಟೇಜ್ 6 ಡೀಸೆಲ್ ವಾಹನಗಳಿಗೆ ಬೇಕಾಗುವ, ಶೇಕಡಾ 32.5 ಯೂರಿಯಾ ಇರುವ ಡಿ.ಇ.ಎಫ್. ದ್ರಾವಣ ಇಂಧನ ಅಡಿಟಿವ್ ಅಲ್ಲ. ಅದಕ್ಕೆ ಪ್ರತ್ಯೇಕ ಟ್ಯಾಂಕ್ ಇದೆ. ಅದು ಐಚ್ಛಿಕವೂ ಅಲ್ಲ, ಹೊಗೆ ನಿಯಂತ್ರಣಕ್ಕೆ ಕಡ್ಡಾಯ. ಅಜಾಗರೂಕತೆಯಿಂದ ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಪಂಪ್ ಹಾಗೂ ಇಂಜೆಕ್ಟರುಗಳಿಗೆ ಭಾರಿ ಹಾನಿಯಾಗುತ್ತದೆ. ಹಾಗಾದಲ್ಲಿ ಇಂಜಿನ್ ಚಾಲೂ ಮಾಡದೆ ಟ್ಯಾಂಕ್ ಖಾಲಿ ಮಾಡಿಸಬೇಕು. ಚಾಲಕರಿಗೆ ಈ ವ್ಯತ್ಯಾಸವನ್ನು ಮಾಲೀಕರೇ ತಿಳಿಸಿಕೊಡುವುದು ಲೇಸು.

ವಾರಂಟಿ ಮತ್ತು ಗ್ರಾಹಕ ಕಾನೂನು

ಹೊಸ ವಾಹನದ ಮಾಲೀಕರಿಗೆ ನಿಜವಾದ ಅಪಾಯವಿರುವುದು ನಾನೂರೈವತ್ತು ರೂಪಾಯಿಯಲ್ಲಿ ಅಲ್ಲ, ವಾರಂಟಿಯಲ್ಲಿ. ತಯಾರಕರು ಅನುಮೋದಿಸದ ದ್ರಾವಣ ಬಳಸಿದ್ದರಿಂದ ಉಂಟಾದ ಹಾನಿಗೆ ವಾರಂಟಿ ಅನ್ವಯಿಸದೆಂಬ ಷರತ್ತು ಸಾಮಾನ್ಯ. ಇಂಜೆಕ್ಟರ್ ಅಥವಾ ಇಂಧನ ಪಂಪ್ ಕೆಟ್ಟಾಗ ಟ್ಯಾಂಕಿನಲ್ಲಿ ಅಪರಿಚಿತ ದ್ರಾವಣ ಪತ್ತೆಯಾದರೆ ವಿವಾದ ಹುಟ್ಟುತ್ತದೆ. ಒಂದೇ ವಾಹನದಲ್ಲಿ ಸರಕು ತಲುಪಿಸುವ ತಯಾರಕರಿಗೆ ವಾಹನ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ರಿಪೇರಿ ವೆಚ್ಚದ ಜೊತೆಗೆ ಆರ್ಡರುಗಳೂ ಕೈತಪ್ಪುತ್ತವೆ.

ಆದ್ದರಿಂದ ಈ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ವಾಹನದ ಕೈಪಿಡಿಯಲ್ಲಿ 'ಇಂಧನ' ಎಂಬ ಅಧ್ಯಾಯವನ್ನು ಮೊದಲು ಓದಬೇಕು. ಕೆಲವು ತಯಾರಕರು ಉತ್ತಮ ಶುದ್ಧಿಕಾರಕವಿರುವ ಪೆಟ್ರೋಲ್ ದೊರೆಯದ ಕಡೆ ನಿಗದಿತ ಅಂತರದಲ್ಲಿ ತಮ್ಮದೇ ಅನುಮೋದಿತ ದ್ರಾವಣ ಬಳಸಲು ಸೂಚಿಸಿರುತ್ತಾರೆ. ಅಂತಹ ಸೂಚನೆಯಿದ್ದಲ್ಲಿ ಪಾಲಿಸತಕ್ಕದ್ದು. ಕೈಪಿಡಿಯ ಮಾತು ಲೇಖನದ ಮಾತಿಗಿಂತ ದೊಡ್ಡದು.
2. ಸರ್ವೀಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ 'ಒಪ್ಪಿಗೆ ಪಡೆಯದೆ ಹೆಚ್ಚುವರಿ ದ್ರಾವಣ ಬಳಸಬಾರದು' ಎಂದು ಬರೆಸಬೇಕು.
3. ಸರ್ವೀಸ್ ಸೆಂಟರಿನವರು ಅಗತ್ಯವೆಂದರೆ, ಅದು ನಿಗದಿತ ಸರ್ವೀಸ್ ಪಟ್ಟಿಯಲ್ಲಿದೆಯೇ ಎಂದು ಕೇಳಿ, ದ್ರಾವಣದ ಹೆಸರು ಹಾಗೂ ಪ್ರಮಾಣವನ್ನು ಬಿಲ್ಲಿನಲ್ಲಿ ನಮೂದಿಸಿಕೊಳ್ಳಬೇಕು.
4. ಬಿಲ್ಲುಗಳನ್ನು ವಾರಂಟಿ ಮುಗಿಯುವವರೆಗೂ ಕಾಪಾಡಬೇಕು.

ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ನೀಡಬಹುದು. ಅಂತಹ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ರೂ. 10 ಲಕ್ಷದವರೆಗೆ, ಪುನರಾವರ್ತನೆಯಾದರೆ ರೂ. 50 ಲಕ್ಷದವರೆಗೆ ದಂಡ ವಿಧಿಸಬಹುದು. ಆದರೆ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಸ್ವಉದ್ಯೋಗದ ಜೀವನೋಪಾಯದ ಹೊರತು ಆ ಕಾಯ್ದೆಯ ಅರ್ಥದಲ್ಲಿ 'ಗ್ರಾಹಕ'ರಲ್ಲ ಎಂಬುದನ್ನು ಸದಸ್ಯರು ಮರೆಯಬಾರದು. ಸಂಸ್ಥೆಯ ಹೆಸರಿನಲ್ಲಿ ಕೊಂಡ ವಾಹನದ ವಿಷಯದಲ್ಲಿ ಈ ಪ್ರಶ್ನೆ ಆಯಾ ಪ್ರಕರಣದ ಸಂಗತಿಗಳನ್ನು ಅವಲಂಬಿಸುತ್ತದೆ.

ತೆರಿಗೆಯ ದೃಷ್ಟಿ

'ಹೇಗೂ ವ್ಯಾಪಾರದ ಖರ್ಚು, ತೆರಿಗೆಯಲ್ಲಿ ಕಳೆಯುತ್ತದೆ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಶೇಕಡಾ 30ರ ದರದಲ್ಲಿ ತೆರಿಗೆ ಕೊಡುವವರು ರೂ. 9,000 ಖರ್ಚು ತೋರಿಸಿದರೆ ಸೆಸ್ ಹೊರತುಪಡಿಸಿ ರೂ. 2,700 ತೆರಿಗೆ ಉಳಿಯುತ್ತದೆ, ರೂ. 6,300 ಜೇಬಿನಿಂದಲೇ ಹೋಗುತ್ತದೆ. ಅಂದಾಜು ಆದಾಯ ಯೋಜನೆಯಡಿ ತೆರಿಗೆ ಸಲ್ಲಿಸುವವರಿಗೆ ಅಷ್ಟೂ ಇಲ್ಲ. ವಾಹನದ ಸ್ವಂತ ಬಳಕೆಗೆ ಸಂಬಂಧಿಸಿದ ಪಾಲು ವೆಚ್ಚವಾಗಿ ಮಾನ್ಯವೂ ಅಲ್ಲ.

ಪೆಟ್ರೋಲ್ ಹಾಗೂ ಡೀಸೆಲ್ ಇನ್ನೂ ಜಿ.ಎಸ್.ಟಿ. ವ್ಯಾಪ್ತಿಗೆ ಬಂದಿಲ್ಲವಾದ್ದರಿಂದ ಅವುಗಳ ಮೇಲಿನ ತೆರಿಗೆಗೆ ಹೂಡುವಳಿ ತೆರಿಗೆ ಕ್ರೆಡಿಟ್ ಇಲ್ಲ. ಅಡಿಟಿವ್ ಜಿ.ಎಸ್.ಟಿ. ವ್ಯಾಪ್ತಿಯಲ್ಲಿದೆ. ಆದರೆ ಚಾಲಕ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಸರ್ವೀಸ್ ಹಾಗೂ ರಿಪೇರಿ ಸೇವೆಯ ಮೇಲಿನ ಕ್ರೆಡಿಟ್ಟನ್ನು ಜಿ.ಎಸ್.ಟಿ. ಕಾಯ್ದೆಯ ಕಲಂ 17(5) ಕೆಲವು ವಿನಾಯಿತಿಗಳ ಹೊರತು ನಿರ್ಬಂಧಿಸಿದೆ. ಕಾರಿನ ಸರ್ವೀಸ್ ಬಿಲ್ಲಿನ ಭಾಗವಾಗಿ ಬಂದ ಅಡಿಟಿವ್‌ಗೆ ಕ್ರೆಡಿಟ್ ಪಡೆಯುವುದು ಮುಂದೆ ಬಡ್ಡಿಸಹಿತ ಹಿಂದಿರುಗಿಸುವ ಪ್ರಸಂಗಕ್ಕೆ ದಾರಿ ಮಾಡಬಹುದು. ಸರಕು ಸಾಗಣೆ ವಾಹನಗಳಿಗೆ ಈ ನಿರ್ಬಂಧವಿಲ್ಲ.

ಯಾವಾಗ ಉಪಯುಕ್ತ?

ನ್ಯಾಯವಾಗಿ ಹೇಳುವುದಾದರೆ ಅಡಿಟಿವ್‌ಗೂ ಅದರದೇ ಆದ ಸ್ಥಾನವಿದೆ. ಹಲವು ವರ್ಷ ಓಡಿ ವಾರಂಟಿ ಮುಗಿದ, ಐಡಲಿಂಗ್‌ನಲ್ಲಿ ಅದುರುವ, ಎಳೆತ ಕಡಿಮೆಯಾದ ಸಾಧಾರಣ ಇಂಜೆಕ್ಷನ್ ಕಾರಿನಲ್ಲಿ ಪ್ಲಗ್, ಏರ್ ಫಿಲ್ಟರ್‌ಗಳನ್ನು ನೋಡಿಯಾದ ಮೇಲೂ ದೋಷ ಉಳಿದರೆ ಉತ್ತಮ ಶುದ್ಧಿಕಾರಕವನ್ನು ಒಮ್ಮೆ ಬಳಸಿ ನೋಡಬಹುದು. ಇಂಜೆಕ್ಟರುಗಳನ್ನು ಬಿಚ್ಚಿಸಿ ತೊಳೆಸುವ ವೆಚ್ಚಕ್ಕೆ ಹೋಲಿಸಿದರೆ ಇದು ಅಗ್ಗದ ಪ್ರಯೋಗ. ತಿಂಗಳುಗಟ್ಟಲೆ ನಿಲ್ಲಿಸಿಡುವ ವಾಹನಕ್ಕೆ ಸ್ಥಿರಕಾರಕ ಸಹಾಯಕ. ಇಂಧನದಲ್ಲಿಯೇ ಇರುವ ಶುದ್ಧಿಕಾರಕದ ಮಹತ್ವಕ್ಕೂ ಪ್ರಮಾಣವಿದೆ: ಅಮೆರಿಕದ ವಾಹನ ಮಾಲೀಕರ ಸಂಘವಾದ ಎ.ಎ.ಎ. 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಲ್ಲಿನ 'ಟಾಪ್ ಟಿಯರ್' ಮಟ್ಟದ ಶುದ್ಧಿಕಾರಕವಿಲ್ಲದ ಪೆಟ್ರೋಲ್ ಆ ಮಟ್ಟದ ಪೆಟ್ರೋಲ್‌ಗಿಂತ 19 ಪಟ್ಟು ಹೆಚ್ಚು ಮಸಿ ಕಟ್ಟಿಸಿತ್ತು. ಎಂದರೆ ಶುದ್ಧಿಕಾರಕ ವ್ಯರ್ಥವಲ್ಲ. ಹೊಸ ಕಾರಿನ ಮಾಲೀಕರಿಗೆ ಅದನ್ನು ಕೈಪಿಡಿಯ ಸೂಚನೆಯಿಲ್ಲದೆ ಬೇರೆಯಾಗಿ ಕೊಳ್ಳುವ ಅಗತ್ಯವಿಲ್ಲ, ಅಷ್ಟೆ.

ಮಾರಾಟ ಮಾಡುವ ಸದಸ್ಯರಿಗೆ

ಅಡಿಟಿವ್ ಮಾರಾಟ ಕಾನೂನುಬದ್ಧ ವ್ಯಾಪಾರ. ಆದರೆ ಪೊಟ್ಟಣದ ಮೇಲೆ ತಯಾರಕರ ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಇತ್ಯಾದಿ ವಿವರಗಳು ಕಾನೂನುಬದ್ಧ ಮಾಪನ ನಿಯಮಗಳಂತೆ ಇವೆಯೇ ಎಂದು ನೋಡಿಕೊಳ್ಳಬೇಕು. ಹಲವು ದ್ರಾವಣಗಳು ಬೇಗ ಬೆಂಕಿ ಹತ್ತುವಂಥವು. ದಾಸ್ತಾನಿಗೆ 1934ರ ಪೆಟ್ರೋಲಿಯಂ ಕಾಯ್ದೆ ಹಾಗೂ 2002ರ ನಿಯಮಗಳು ಅನ್ವಯಿಸುವವೇ ಎಂಬುದನ್ನು ಪೂರೈಕೆದಾರರಿಂದ ಲಿಖಿತವಾಗಿ ತಿಳಿದುಕೊಂಡು, ಅಗ್ನಿ ವಿಮೆಯ ಪಾಲಿಸಿಯಲ್ಲಿ ಈ ದಾಸ್ತಾನನ್ನು ಘೋಷಿಸಬೇಕು. 'ಖಚಿತವಾಗಿ ಮೈಲೇಜ್ ಹೆಚ್ಚುತ್ತದೆ' ಎಂದು ಅಂಗಡಿಯ ಫಲಕದಲ್ಲಿ ಬರೆಯುವ ಮುನ್ನ ಅದಕ್ಕೆ ಪರೀಕ್ಷಾ ವರದಿ ಕೈಯಲ್ಲಿರಬೇಕು. ವಿದೇಶದ ಸರ್ಕಾರಿ ಸಂಸ್ಥೆಯಲ್ಲಿ ನೋಂದಣಿಯಾಗಿದೆ ಎಂಬುದು ಪರೀಕ್ಷಾ ವರದಿಯಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನೋಂದಣಿ ಕೂಡ ದ್ರಾವಣದ ಪರಿಣಾಮವನ್ನು ದೃಢೀಕರಿಸುವುದಿಲ್ಲ. ಹೊಸ ಕಾರಿನ ಗಿರಾಕಿಗೆ 'ನಿಮಗೆ ಸದ್ಯಕ್ಕೆ ಬೇಡ' ಎಂದು ಹೇಳುವ ಅಂಗಡಿಗೆ ಆತ ಟೈರು, ಬ್ಯಾಟರಿ ಕೊಳ್ಳಲು ಮತ್ತೆ ಬರುತ್ತಾನೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನ ಇಷ್ಟು: ತಯಾರಕರ ಕೈಪಿಡಿ ಸೂಚಿಸದ ಹೊರತು ಹೊಸ ಕಾರಿಗೆ ಇಂಧನ ಅಡಿಟಿವ್ ಅಗತ್ಯವಿಲ್ಲ. ನಂಬಿಕೆಯ ಬಂಕಿನಲ್ಲಿ ಇಂಧನ, ಕಾಲಕಾಲಕ್ಕೆ ಇಂಜಿನ್ ಆಯಿಲ್, ಶುಚಿಯಾದ ಏರ್ ಫಿಲ್ಟರ್, ಟೈರಿನಲ್ಲಿ ಸರಿಯಾದ ಗಾಳಿ ಹಾಗೂ ಸಮಾಧಾನದ ಚಾಲನೆ, ಹೊಸ ವಾಹನ ಬೇಡುವುದು ಇಷ್ಟನ್ನೇ. ಯಾವುದೇ ಬಾಬ್ತಿಗೆ ಹಣ ಕೊಡುವ ಮುನ್ನ ಅದರಿಂದ ಬರುವ ಪ್ರತಿಫಲವೇನು, ಆ ಪ್ರತಿಫಲವನ್ನು ಅಳೆಯಲು ಸಾಧ್ಯವೇ ಎಂದು ಕೇಳುವುದು ವ್ಯಾಪಾರದ ಮೂಲ ಶಿಸ್ತು. ಲಕ್ಷಾಂತರ ರೂಪಾಯಿಗಳ ಸರಕು ಕೊಳ್ಳುವಾಗ ಪಾಲಿಸುವ ಈ ಶಿಸ್ತನ್ನು ನಾನೂರೈವತ್ತು ರೂಪಾಯಿಯ ಬಾಟಲಿಗೂ ಅನ್ವಯಿಸಿದಲ್ಲಿ ಹಣವೂ ಉಳಿಯುತ್ತದೆ, ವಾರಂಟಿಯೂ ಉಳಿಯುತ್ತದೆ.